ಅತ್ತಿಗೆಯ ಕೈಯ ಪಾಯಸ

ನನ್ನ ಮೊಮ್ಮಗಳಿಗೆ ಕಣ್ಣು ಕಾಣುವುದಿಲ್ಲ, ಕಿವಿ ಕೇಳುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೂ ಅಯ್ಯೋ ಪಾಪ ಅನ್ನುವುದು ಬೇಡ. ಪಾಪ ಅಂದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅವರು ಪಾಪ ಅನ್ನುತ್ತಾರೆ, ಮತ್ತೆ ತಮ್ಮ ಎಲೆಯನ್ನು ಸ್ವಲ್ಪ ಆಚೆ ಎಳೆದುಕೊಳ್ಳುತ್ತಾರೆ.

ನಾನು ಬರೆಯುತ್ತಿರುವುದು ಅವಳಿಗೆ ಊಟ ಮಾಡಲು ಕಲಿಸಿದ ಸಂಗತಿ. ಕಲಿಸಿದ್ದು ಸಿಟ್ಟಿನಿಂದ. ಪ್ರೀತಿಯಿಂದ ಕಲಿಸಿದೆ ಅಂತ ಬರೆದರೆ ಓದುವವರಿಗೆ ಚಂದ ಕಾಣಬಹುದು, ಆದರೆ ಅದು ಸುಳ್ಳು. ಪ್ರೀತಿ ಮೊದಲೂ ಇತ್ತು. ಅದರಿಂದ ಅವಳು ಒಂದು ತುತ್ತು ಎತ್ತಲೂ ಕಲಿತಿರಲಿಲ್ಲ. ನಾನೇ ಕಲಸಿ ಬಾಯಿಗೆ ಹಾಕುತ್ತಿದ್ದೆ.

ನನ್ನ ತವರು ಐವರ್ನಾಡು. ಅಲ್ಲಿ ಈಗ ಅಣ್ಣ ಮತ್ತು ಅತ್ತಿಗೆ ಇದ್ದಾರೆ. ಅವರು ಟೆರೇಸ್ ಮನೆ ಕಟ್ಟಿಸಿ ಒಕ್ಕಲಾದಾಗ ನಾನು ಮೊಮ್ಮಗಳನ್ನು ಕರೆದುಕೊಂಡು ಊಟಕ್ಕೆ ಹೋಗಿದ್ದೆ. ಆಗ ಅವಳಿಗೆ ಹತ್ತು ದಾಟಿತ್ತು. ಪಂಕ್ತಿಯಲ್ಲಿ ನನ್ನ ಪಕ್ಕ ಕೂರಿಸಿಕೊಂಡೆ. ಅವಳ ಬಾಯಿಗೆ ಒಂದು ತುತ್ತು ಹಾಕಿ ನನ್ನ ಬಾಯಿಗೆ ಒಂದು ಹಾಕುವಷ್ಟರಲ್ಲಿ ಅವಳ ಕೈ ಆಚೆ ಎಲೆಗೆ ಹೋಯಿತು. ಅಲ್ಲಿ ಸುಳ್ಯದ ಯಾರೋ ದೊಡ್ಡ ಮನೆಯ ಹೆಂಗಸು ಕೂತಿದ್ದರು. ಅವರ ಹಪ್ಪಳ ಇವಳ ಮುಷ್ಟಿಯಲ್ಲಿ ಪುಡಿಯಾಯಿತು. ಅವರು ಪಾಪ ಅಂದರು. ಎಲೆ ಎಳೆದುಕೊಂಡರು.

ಅತ್ತಿಗೆ ಬಂದರು. ಹುಡುಗಿಯ ಎಡಗೈಯ ಮಣಿಕಟ್ಟು ಹಿಡಿದು ಎಬ್ಬಿಸಿ, ಕರುವನ್ನು ಎಳೆದ ಹಾಗೆ ಎಳೆದುಕೊಂಡು ಹೋದರು. ಅತ್ತಿಗೆಯ ಬಲಗೈಯಲ್ಲಿ ಒಂದು ದಪ್ಪ ಚಿನ್ನದ ಬಳೆ ಉಂಟು, ಹಗ್ಗದ ಹಾಗೆ ತಿರುಪಿದ್ದು. ಅದು ಅವಳ ಕೈಯ ಎಲುಬಿಗೆ ಒತ್ತಿ ಕೆಂಪಾಗಿದ್ದನ್ನು ನಾನು ಆಮೇಲೆ ನೋಡಿದೆ. ಆಗ ಎಂಜಲು ಕೈಯಲ್ಲೇ ಹಿಂದೆ ಓಡಿದ್ದೆ.

ಹಿತ್ತಿಲಲ್ಲಿ ಪಾತ್ರೆ ತೊಳೆಯುವ ಕಲ್ಲಿನ ಪಕ್ಕ ಅವಳನ್ನು ಕೂರಿಸಿದ್ದರು. ಎದುರಿಗೆ ಒಂದು ಸ್ಟೀಲಿನ ಬೋಗುಣಿ. ಅದರಲ್ಲಿ ಅನ್ನ, ಸಾಂಬಾರು, ಪಲ್ಯ, ಮೇಲಿನಿಂದ ಒಂದು ಸೌಟು ಪಾಯಸ, ಎಲ್ಲ ಒಟ್ಟಿಗೆ.

"ಅತ್ತಿಗೆ, ಸಾಂಬಾರಿಗೆ ಪಾಯಸ ಹಾಕಿದ್ರಲ್ಲ."

"ಹೊಟ್ಟೆಗೆ ಹೋದ ಮೇಲೆ ಎಲ್ಲ ಒಂದೇ ಅಲ್ವಾ. ಅದಕ್ಕೆ ಎಂತ ಗೊತ್ತಾಗ್ತದೆ? ನೀನು ಹೋಗಿ ಊಟ ಮುಗಿಸು. ಅರ್ಧದಲ್ಲಿ ಎದ್ದು ಬಂದ್ರೆ ಜನ ಎಂತ ಹೇಳ್ತಾರೆ?"

ಮೊಮ್ಮಗಳು ಅದನ್ನು ಎರಡು ಕೈಯಲ್ಲಿ ಬಾಚಿ ತಿಂದಳು. ಬೋಗುಣಿ ಖಾಲಿ ಆಗುವವರೆಗೆ ತಿಂದಳು. ನನಗೆ ತಡೆಯಲು ಆಗದ್ದು ಅದೇ. ಅವಳು ಉಗಿದಿದ್ದರೆ, ಬೋಗುಣಿ ಎತ್ತಿ ಎಸೆದಿದ್ದರೆ, ನನ್ನ ಸಿಟ್ಟು ಅರ್ಧ ಅಲ್ಲೇ ಇಳಿಯುತ್ತಿತ್ತು.

ಪುತ್ತೂರಿಗೆ ಬರುವ ಬಸ್ಸಿನಲ್ಲಿ ನಾನು ನಿಶ್ಚಯ ಮಾಡಿದೆ. ಇದೇ ಮನೆಯಲ್ಲಿ, ಇದೇ ಅತ್ತಿಗೆಯ ಎದುರು, ಇವಳು ಪಂಕ್ತಿಯಲ್ಲಿ ಕೂತು ತನ್ನ ಕೈಯಾರೆ ಉಣ್ಣಬೇಕು. ಬಡಿಸುವುದು ಅತ್ತಿಗೆಯೇ ಆಗಬೇಕು. ಸೊಂಟ ಬಗ್ಗಿಸಿ ಬಡಿಸಬೇಕು. ಅದನ್ನು ಹತ್ತು ಜನ ನೋಡಬೇಕು. ಇಷ್ಟು ಆದರೆ ನನಗೆ ಸಾಕು.

ನಾವು ಇರುವುದು ಪುತ್ತೂರಿನಲ್ಲಿ. ಮಗಳು ಗೇರುಬೀಜದ ಫ್ಯಾಕ್ಟರಿಗೆ ಹೋಗುತ್ತಾಳೆ. ಅಳಿಯ ಕಡಬದ ಆಚೆ ರಬ್ಬರ್ ಟ್ಯಾಪಿಂಗ್ ಮಾಡುತ್ತಾನೆ, ಆದಿತ್ಯವಾರ ಬರುತ್ತಾನೆ. ಫ್ಯಾಕ್ಟರಿಯಲ್ಲಿ ಯಾರೋ ಮಗಳಿಗೆ ಹೇಳಿದರು, ಕಣ್ಣು ಕಿವಿ ಎರಡೂ ಇಲ್ಲದ ಮಕ್ಕಳಿಗೆ ದಿನದ ಕೆಲಸ ಕಲಿಸುವ ಒಂದು ಜಾಗ ಪೇಟೆಯಲ್ಲೇ ಉಂಟು ಅಂತ. ಹೋಗಿ ನೋಡಿದರೆ ಒಂದು ಬಾಡಿಗೆ ಮನೆ. ಕೆಲವು ಮಕ್ಕಳು. ಒಬ್ಬಳು ಅಂಗಿಯ ಗುಬ್ಬಿ, ಅಂದರೆ ಬಟನ್, ಹಾಕುವುದನ್ನು ಕಲಿಯುತ್ತಿದ್ದಳು, ಇನ್ನೊಬ್ಬಳು ಟವೆಲ್ ಮಡಚುತ್ತಿದ್ದಳು. ಯಾರೂ ಪಾಪ ಅನ್ನಲಿಲ್ಲ.

ಟೀಚರು ಕಲ್ಲುಗುಂಡಿ ಕಡೆಯವರು. ನನ್ನ ಮಗಳಿಗಿಂತ ಸಣ್ಣ ಪ್ರಾಯ. ನಗುವುದು ಕಡಿಮೆ. ನನಗೆ ಅದು ಹಿಡಿಸಿತು.

"ಇವಳಿಗೆ ಮೊದಲು ಎಂತ ಬರ್ಬೇಕು ಅಂತ ನಿಮಗೆ ಆಸೆ, ಅಜ್ಜಿ?"

"ಬಾಳೆ ಎಲೆಯಲ್ಲಿ ಊಟ."

"ಹಲ್ಲುಜ್ಜುದು, ಬಟ್ಟೆ ಹಾಕುದು, ಕಕ್ಕಸಿಗೆ ಹೋಗಿ ಬರುದು, ಅದೆಲ್ಲ?"

"ಅದು ಯಾರಿಗೂ ಕಾಣುದಿಲ್ಲ. ಊಟ ಕಾಣ್ತದೆ."

ಟೀಚರು ನನ್ನ ಮುಖ ನೋಡಿದರು. "ಯಾರಿಗೆ ಕಾಣ್ಬೇಕು?"

"ಇದ್ದಾರೆ ಒಬ್ಬರು."

ಮೊದಲ ದಿನವೇ ನನಗೂ ಅವರಿಗೂ ಜಗಳ. ನಾನು ಮೊಮ್ಮಗಳ ಕೈಯನ್ನು ಮೇಲಿನಿಂದ ಹಿಡಿದು ಅನ್ನಕ್ಕೆ ಒತ್ತಿದೆ. ಅವಳು ಕೈ ಕಿತ್ತುಕೊಂಡು ತಟ್ಟೆ ಮಗುಚಿದಳು. ಐವರ್ನಾಡಿಗೆ ಹೋಗಿ ಬಂದ ಮೇಲೆ ಅವಳ ಮಣಿಕಟ್ಟಿನ ಹತ್ತಿರ ಯಾರ ಕೈ ಹೋದರೂ ಹಾಗೆಯೇ.

"ಅಜ್ಜಿ, ಮೇಲಿನಿಂದ ಹಿಡೀಬೇಡಿ. ನಿಮ್ಮ ಕೈ ಅಡಿಯಲ್ಲಿರ್ಲಿ. ಅವಳ ಕೈ ನಿಮ್ಮ ಕೈ ಮೇಲೆ ಕೂತು ಬರ್ಲಿ. ಬೇಡ ಅಂತ ಕಂಡ್ರೆ ತೆಗೀಬಹುದು."

"ತೆಗೆದ್ರೆ ಕಲಿಯುದು ಹೇಗೆ?"

"ತೆಗೀಲಿಕ್ಕೆ ಆಗ್ತದೆ ಅಂತ ಗೊತ್ತಾದ್ರೆ ತೆಗೆಯುದಿಲ್ಲ."

ನನಗೆ ನಂಬಿಕೆ ಬರಲಿಲ್ಲ. ಆದರೆ ಹಾಗೆಯೇ ಆಯಿತು. ನನ್ನ ಕೈ ಅನ್ನ ಕಲಸುವಾಗ ಅವಳ ಬೆರಳುಗಳು ನನ್ನ ಬೆರಳುಗಳ ಮೇಲೆ ಕೂತು ಬಂದವು. ಕಲಸುವುದು, ಒಟ್ಟು ಮಾಡುವುದು, ಹೆಬ್ಬೆರಳಿನಿಂದ ಬಾಯಿಗೆ ದೂಡುವುದು. ಮಳೆಗಾಲ ಶುರುವಾಗುವಾಗ ಆರಂಭ ಮಾಡಿದ್ದು, ಗದ್ದೆ ಕೊಯ್ಲಿನ ಹೊತ್ತಿಗೆ ನಾನು ನನ್ನ ಕೈಯನ್ನು ಸ್ವಲ್ಪ ಸ್ವಲ್ಪವೇ ಹಿಂದಕ್ಕೆ ತಂದೆ. ಒಂದು ದಿನ ಅವಳು ಒಬ್ಬಳೇ ತುತ್ತು ಎತ್ತಿದಳು. ನಾನು ಅಳಲಿಲ್ಲ. ಅತ್ತಿಗೆಯ ಮುಖ ನೆನಪು ಮಾಡಿಕೊಂಡೆ.

ಎಲೆ ಹಾಕಿದ ದಿನ ಟೀಚರು ಒಂದು ಶಾಲಿನಿಂದ ನನ್ನ ಕಣ್ಣು ಕಟ್ಟಿದರು, ಕಿವಿಗೆ ಹತ್ತಿ ತುರುಕಿದರು. ಕಲಿಸುವವರು ಒಮ್ಮೆ ಹೀಗೆ ಊಟ ಮಾಡಬೇಕಂತೆ. ನಾನು ಕೂತೆ. ಎಲೆಯ ಮೇಲೆ ಕೈ ಇಟ್ಟುಕೊಂಡಿದ್ದೆ. ಎಲ್ಲಿಂದಲೋ ಕುದಿಯುವ ಸಾರು ಬಂದು ಬೆರಳಿಗೆ ಬಿತ್ತು. ನಾನು ಬೈದೆ. ಆ ಬೈಗುಳವನ್ನು ಇಲ್ಲಿ ಬರೆಯಲು ಆಗುವುದಿಲ್ಲ. ಕಿವಿಯಲ್ಲಿ ಹತ್ತಿ ಇದ್ದ ಕಾರಣ ಎಷ್ಟು ಜೋರಾಗಿ ಬೈದೆ ಅಂತ ನನಗೆ ಗೊತ್ತಾಗಲಿಲ್ಲ, ರಸ್ತೆಯವರೆಗೆ ಕೇಳಿತಂತೆ.

ಶಾಲು ಬಿಚ್ಚಿ ಟೀಚರು ಹೇಳಿದರು, "ಎಂತಾಯ್ತು ಅಜ್ಜಿ?"

"ಹೇಳಿ ಹಾಕ್ಬೇಕಲ್ಲ ಮಾರಾಯ್ತಿ."

"ಅಷ್ಟೇ. ಅವಳಿಗೂ ಹೇಳಿ ಹಾಕ್ಬೇಕು."

ಆವತ್ತಿನಿಂದ ಒಂದು ಕ್ರಮ ಆಯಿತು. ಬಡಿಸುವವರು ಮೊದಲು ಅವಳ ಎಡಗೈಯ ಹಿಂಬದಿಯನ್ನು ಮುಟ್ಟಬೇಕು. ಅವಳು ಕೈ ಮಗುಚಿ ಬಂದವರ ಕೈಯನ್ನು ಸವರಿ ಯಾರೆಂದು ನೋಡುತ್ತಾಳೆ. ಮತ್ತೆ ಬಲಗೈ ಎಲೆಯಿಂದ ತೆಗೆಯುತ್ತಾಳೆ. ಆಮೇಲೆ ಬಡಿಸಬೇಕು.

ತಟ್ಟೆಗಿಂತ ಎಲೆಯೇ ಅವಳಿಗೆ ಸುಲಭವಾಯಿತು. ಅದನ್ನು ಮೊದಲು ಕಂಡದ್ದು ಟೀಚರು. ತಟ್ಟೆ ಉರುಟು, ಅದಕ್ಕೆ ತಲೆಯೂ ಇಲ್ಲ ಬುಡವೂ ಇಲ್ಲ. ಎಲೆಗೆ ನಡುವಿನಲ್ಲಿ ದಂಟು ಉಂಟು. ಒಂದು ಬದಿ ತುದಿ, ಒಂದು ಬದಿ ಕತ್ತರಿಸಿದ ಅಗಲ. ತುದಿ ಉಣ್ಣುವವರ ಎಡಕ್ಕೆ ಬರಬೇಕು. ದಂಟಿನ ಆಚೆ ಎಡ ಮೂಲೆಯಲ್ಲಿ ಉಪ್ಪು, ಅದರ ಹತ್ತಿರ ಉಪ್ಪಿನಕಾಯಿ, ಮತ್ತೆ ಕೋಸಂಬರಿ, ಪಲ್ಯ. ದಂಟಿನ ಈಚೆ ಅನ್ನ. ನಮ್ಮ ಹಿರಿಯರು ಇವಳಿಗಾಗಿಯೇ ಇದನ್ನು ಮಾಡಿಟ್ಟ ಹಾಗೆ ಎಲ್ಲಕ್ಕೂ ಒಂದೊಂದು ಜಾಗ. ನಾನು ಅವಳಿಗೆ ಮೊದಲು ಅಂಚು ಸವರಲು ಕಲಿಸಿದೆ. ಎಡಗಡೆ ಚೂಪು ಸಿಕ್ಕಿದರೆ ಸರಿ. ಚೂಪು ಬಲಗಡೆ ಇದ್ದರೆ ಎರಡು ತುದಿ ಹಿಡಿದು ತಿರುಗಿಸಬೇಕು. ಬೇಕಂತಲೇ ತಿರುಗಿಸಿ ಹಾಕಿ ನೋಡುತ್ತಿದ್ದೆ. ನಮ್ಮಲ್ಲಿ ಸತ್ತವರ ಹೆಸರಿನಲ್ಲಿ ಬಡಿಸುವಾಗ ಮಾತ್ರ ಎಲೆಯನ್ನು ಹಾಗೆ ಹಾಕುವುದು. ಬಾಡಿಗೆ ಮನೆಯಲ್ಲಿ ದಿನಾ ಹಾಗೆ ಹಾಕಿ ಕಲಿಸುವುದನ್ನು ಮನೆಯ ಯಜಮಾನತಿ ಕಿಟಕಿಯಲ್ಲಿ ನೋಡಿ, ನಮ್ಮ ಮನೆಗೆ ಎಂತ ಶಕುನ ಮಾರಾಯ್ರೆ ಇದು ಅಂತ ಕೇಳಿದರು. ಶಕುನ ನಿಮ್ಮ ಮನೆಗಲ್ಲ, ಐವರ್ನಾಡಿಗೆ ಅಂದೆ. ಅವರಿಗೆ ಅರ್ಥ ಆಗಲಿಲ್ಲ.

ಎಲ್ಲಕ್ಕಿಂತ ಕಷ್ಟವಾದದ್ದು ಪಾಯಸ. ಎಲೆಗೆ ಬಿದ್ದ ಪಾಯಸ ನಿಲ್ಲುವುದಿಲ್ಲ, ಮಡಿಲಿಗೆ ಬರುತ್ತದೆ. ಎಡಗೈಯಿಂದ ಎಲೆಯ ಅಂಚನ್ನು ಸ್ವಲ್ಪ ಎತ್ತಿ, ಬಲಗೈಯ ಬೆರಳು ಸೇರಿಸಿ ದೋಣಿಯ ಹಾಗೆ ಮಾಡಿ, ಬಾಚಿ, ಬೇಗ ಬಾಯಿಗೆ. ಕಣ್ಣು ಕಾಣುವವರೂ ಅಂಗಿಗೆ ಚೆಲ್ಲಿಕೊಳ್ಳುತ್ತಾರೆ. ಅವಳಿಗೆ ಪಾಯಸ ಅಂದರೆ ಪ್ರಾಣ. ಅದಕ್ಕೆ ಒಂದು ಸನ್ನೆ ಉಂಟು, ಅಂಗೈಯಲ್ಲಿ ಹೆಬ್ಬೆರಳಿನಿಂದ ಸುತ್ತು ಹಾಕುವುದು. ಆ ಸುತ್ತು ಹಾಕಿದರೆ ಸಾಕು, ಕೂತಲ್ಲೇ ಕುಣಿಯುತ್ತಾಳೆ. ಪಾಯಸದ ಆಸೆಯಿಂದಲೇ ಅವಳು ಉಳಿದದ್ದನ್ನೆಲ್ಲ ಕಲಿತಳು ಅಂದರೂ ಆಗುತ್ತದೆ.

ಇಷ್ಟು ಆಗುವಾಗ ನನ್ನನ್ನು ಅಲ್ಲಿಯೇ ಆಯಾ ಮಾಡಿಕೊಂಡರು. ಬೇರೆ ಮಕ್ಕಳಿಗೂ ನಾನು ತಲೆ ಬಾಚುವುದು, ಚಪ್ಪಲಿಯ ಎಡ ಬಲ, ಲೋಟಕ್ಕೆ ಬೆರಳು ಇಳಿಸಿ ಚಹಾ ಎಷ್ಟು ಬಂತೆಂದು ನೋಡುವುದು, ಇಂಥವನ್ನು ಕಲಿಸುತ್ತೇನೆ. ಆದರೆ ನನ್ನ ಮೊಮ್ಮಗಳ ಊಟ ಬೇರೆ. ಅದರ ಬಗ್ಗೆ ಟೀಚರು ಒಂದು ದಿನ ನನ್ನ ಬಾಯಿ ಬಿಡಿಸಿದರು. ನಾನು ಹಿತ್ತಿಲು, ಬೋಗುಣಿ, ಬಸ್ಸಿನಲ್ಲಿ ಮಾಡಿದ ನಿಶ್ಚಯ, ಎಲ್ಲ ಹೇಳಿದೆ.

"ಅಂದ್ರೆ ಇದು ಅವಳ ಊಟ ಅಲ್ಲ. ನಿಮ್ಮ ಜಗಳ," ಅಂದರು ಟೀಚರು.

"ಹೌದು."

"ಅಲ್ಲಿ ಹೋಗಿ ಕೂತಾಗ ಅವಳಿಗೆ ಊಟ ಬೇಡ ಅಂತ ಕಂಡ್ರೆ?"

"ಬೇಡ ಅಂತ ಅವಳು ಯಾವತ್ತು ಹೇಳಿದ್ದು?"

"ಹೇಳ್ಲಿಲ್ಲ. ಯಾಕಂದ್ರೆ ನಾವು ಕಲಿಸ್ಲಿಲ್ಲ. ನಾಳೆಯಿಂದ ಅದನ್ನೇ ಕಲಿಸುದು."

ನನಗೆ ಇಷ್ಟವಿರಲಿಲ್ಲ. ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿಯುವುದು, ಪಂಕ್ತಿಯಲ್ಲಿ ಎಲ್ಲರೂ ಸಾಕು ಅನ್ನಲು ಮಾಡುವ ಸನ್ನೆ, ಅದನ್ನೇ ಬೇಡ ಅನ್ನಲು ಇಟ್ಟರು. ಅವಳು ಅದನ್ನು ಒಂದೇ ವಾರದಲ್ಲಿ ಕಲಿತಳು. ಆಮೇಲೆ ನಮ್ಮ ಮನೆಯಲ್ಲಿ ಏನೂ ನಡೆಯಲಿಲ್ಲ. ಸ್ನಾನ ಬೇಡ. ತಲೆಗೆ ಎಣ್ಣೆ ಬೇಡ. ಕ್ಯಾಬೇಜ್ ಬೇಡ. ಅವಳ ಅಪ್ಪ ಕಡಬದಿಂದ ತಂದ ಹೊಸ ಫ್ರಾಕ್ ಬೇಡ. ಮಗಳು ನನಗೆ ಬೈದಳು, "ಅಮ್ಮ, ಹೌದು ಅನ್ಲಿಕ್ಕೆ ಯಾವಾಗ ಕಲಿಸುದು ನೀವು?"

ಇನ್ನೊಂದು ಸಂಗತಿ. ಅವಳು ಜನರಿಗೆ ತಾನೇ ಗುರುತು ಇಡುತ್ತಾಳೆ. ನನ್ನ ಹೆಬ್ಬೆರಳಿನ ಉಗುರು ಕತ್ತಿ ತಾಗಿ ಸೀಳಿದ್ದು. ಅವಳು ತನ್ನ ಹೆಬ್ಬೆರಳಿನ ಉಗುರು ಕೆರೆದರೆ ಅದು ನಾನು. ಬೆರಳ ತುದಿಗಳನ್ನು ಉಜ್ಜಿದರೆ ಅವಳ ಅಮ್ಮ, ಗೇರುಬೀಜ ಸುಲಿದು ಸುಲಿದು ಒರಟಾದದ್ದು. ವಾಚು ಕಟ್ಟುವ ಜಾಗ ತಟ್ಟಿದರೆ ಟೀಚರು. ಒಮ್ಮೆ ಶಾಲೆ ನೋಡಲು ಯಾರೋ ಹೆಂಗಸರು ಬಂದಿದ್ದರು, ಕೈ ತುಂಬ ಬಳೆ. ಒಬ್ಬರು ಇವಳ ಕೈ ಕುಲುಕಿದರು. ಅವರು ಹೋದ ಮೇಲೆ ಇವಳು ಬಲಗೈಯಲ್ಲಿ ತನ್ನದೇ ಎಡಗೈಯ ಮಣಿಕಟ್ಟು ಹಿಡಿದು ಎಳೆಯುತ್ತಾ ಕೂತಳು. ಸಂಜೆಯವರೆಗೂ ಅದೇ. ಉಳುಕಿರಬೇಕು ಅಂತ ನಾನು ಎಣ್ಣೆ ಬಿಸಿ ಮಾಡಿ ತಿಕ್ಕಿದೆ.

ಹೀಗಿರುವಾಗ ಅಣ್ಣನ ಫೋನು ಬಂತು. ಅವನ ಮೊಮ್ಮಗನಿಗೆ ಕಡಬದಲ್ಲಿ ಹುಡುಗಿ ನೋಡಿದ್ದಾರೆ, ನಿಶ್ಚಿತಾರ್ಥ ಐವರ್ನಾಡಿನ ಮನೆಯಲ್ಲೇ. ನಾನು ಮೊದಲು ಕೇಳಿದ್ದು ಊಟದ ಸಂಗತಿ.

"ಊಟ ಎಲೆಯಲ್ಲಾ ಅಣ್ಣ?"

"ಬಫೆ. ಈಗ ಎಲ್ಲ ಹಾಗೇ ಅಲ್ವಾ."

ಇಷ್ಟು ಕಲಿಸಿ ಇನ್ನು ಇವಳು ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವುದೋ. ಮತ್ತೆ ಅಣ್ಣನೇ ಹೇಳಿದ, "ಪ್ರಾಯ ಆದವರಿಗೆ, ಹುಡುಗಿ ಕಡೆ ಹಿರಿಯರಿಗೆ ಎಲೆ ಉಂಟು."

ಅಷ್ಟರಲ್ಲಿ ಫೋನು ಅತ್ತಿಗೆಯ ಕೈಗೆ ಹೋಯಿತು. "ನೀನು ಬಾ. ಮಗುವನ್ನು ಕರ್ಕೊಂಡು ಬರ್ಬೇಡ ಆಯ್ತಾ. ಜನ ಜಾಸ್ತಿ. ಅದಕ್ಕೇ ಕಷ್ಟ."

"ಅವಳಿಗೆ ಕಷ್ಟ ಇಲ್ಲ ಅತ್ತಿಗೆ," ಅಂದೆ. "ಯಾರಿಗೆ ಕಷ್ಟ ಅಂತ ನೋಡುವಾ."

ಕೊನೆಯ ಮಾತು ಹೇಳಿದ್ದು ಫೋನು ಇಟ್ಟ ಮೇಲೆ.

ಮಗಳು ಬರುವುದಿಲ್ಲ ಅಂದಳು. ನಾವಿಬ್ಬರೇ ಬಸ್ಸು ಹತ್ತಿದೆವು. ಮೊಮ್ಮಗಳು ಹಸಿರು ಲಂಗ ಹಾಕಿದ್ದಳು, ಗುಬ್ಬಿ ಎಲ್ಲ ತಾನೇ ಹಾಕಿಕೊಂಡದ್ದು. ಎಲ್ಲಿಗೆ ಅಂತ ಸನ್ನೆಯಲ್ಲಿ ಕೇಳಿದಳು. ನಾನು ಅವಳ ಅಂಗೈಯಲ್ಲಿ ಹೆಬ್ಬೆರಳಿನಿಂದ ಸುತ್ತು ಹಾಕಿದೆ. ದಾರಿ ಇಡೀ ಸೀಟಿನಲ್ಲಿ ಕುಣಿಯುತ್ತಾ ಬಂದಳು.

ಅಂಗಳಕ್ಕೆ ಶಾಮಿಯಾನ ಹಾಕಿದ್ದರು. ಒಂದು ಬದಿ ಬಫೆ, ಇನ್ನೊಂದು ಬದಿ ಉದ್ದ ಮೇಜು, ಅದರ ಮೇಲೆ ಪೇಪರು ಹಾಸಿ ಎಲೆ. ಅತ್ತಿಗೆ ನಮ್ಮನ್ನು ನೋಡಿದರು.

"ಕರ್ಕೊಂಡೇ ಬಂದ್ಯಾ."

"ಹೌದು."

"ಬಫೆಯಿಂದ ಒಂದು ಬಟ್ಟಲಿಗೆ ಹಾಕಿಸಿ ಕೊಡ್ತೇನೆ. ಒಳಗೆ ರೂಮಲ್ಲಿ ಫ್ಯಾನ್ ಉಂಟು. ಆರಾಮ ಕೂತು ತಿನ್ನಿಸು."

"ತಿನ್ನಿಸುದು ಇಲ್ಲ ಅತ್ತಿಗೆ. ಅವಳೇ ಉಣ್ತಾಳೆ. ಎಲೆ ಹಾಕಿ."

"ಪಂಕ್ತಿ ತುಂಬಿತು."

"ಕೊನೆಗೆ ಒಂದು ಕುರ್ಚಿ ಉಂಟು. ಆ ಅಜ್ಜನ ಪಕ್ಕ."

ಆ ಅಜ್ಜ ಅಂದರೆ ಮದುವೆ ಹುಡುಗಿಯ ಅಜ್ಜ, ಬಿಳಿ ಮುಂಡು, ಬಿಳಿ ಅಂಗಿ, ಆವತ್ತಿನ ದೊಡ್ಡ ನೆಂಟರು. ಅತ್ತಿಗೆಯ ದನಿ ಇಳಿಯಿತು. "ಬೇಕಂತಲೇ ಮಾಡುದಲ್ವಾ ನೀನು?"

"ಹೌದು."

ಅಣ್ಣ ಅಲ್ಲೇ ನಿಂತಿದ್ದ. ಅವನು ಮನೆಯಲ್ಲಿ ಮಾತಾಡುವುದು ಅಪರೂಪ. "ಹಾಕು ಒಂದು ಎಲೆ," ಅಂದ.

ಅತ್ತಿಗೆ ಎಲೆಯ ಕಟ್ಟಿನಿಂದ ಒಂದು ಎಳೆದು ಕೊನೆಯ ಕುರ್ಚಿಯ ಎದುರು ಬಡಿದ ಹಾಗೆ ಹಾಕಿದರು. ಅವರ ಕಣ್ಣು ಇದ್ದದ್ದು ನನ್ನ ಮುಖದ ಮೇಲೆ, ಎಲೆಯ ಮೇಲಲ್ಲ. ನಾನು ಮೊಮ್ಮಗಳನ್ನು ಕೈ ತೊಳೆಯಲು ಕರೆದುಕೊಂಡು ಹೋದೆ. ಬರುವಾಗ ಬಡಿಸುವವರು ಉಪ್ಪು, ಉಪ್ಪಿನಕಾಯಿ, ಕೋಸಂಬರಿ ಹಾಕಿ ಮುಂದೆ ಹೋಗಿದ್ದರು. ಅವಳು ಕೂತಳು. ನಾನು ಕೂರಲಿಲ್ಲ, ಕುರ್ಚಿಯ ಹಿಂದೆ ನಿಂತೆ. ಎದುರು ಸಾಲಿನವರೆಲ್ಲ ಅವಳನ್ನೇ ನೋಡುತ್ತಿದ್ದರು. ನೋಡಲಿ ಅಂತಲೇ ನಾನು ತಂದದ್ದು.

ಅವಳು ಎಲೆಯ ಅಂಚು ಸವರಿದಳು. ಅವಳ ಬೆರಳು ಎಡಗಡೆ ಹೋಗಿ ನಿಂತಿತು. ಮತ್ತೆ ಬಲಗಡೆ ಹೋಯಿತು. ಮತ್ತೆ ಎರಡು ತುದಿಯನ್ನೂ ಹಿಡಿದು, ಬಡಿಸಿದ್ದೆಲ್ಲ ಇದ್ದ ಹಾಗೆಯೇ ಎಲೆಯನ್ನು ಎತ್ತಿ ತಿರುಗಿಸಿದಳು. ಬಡಿಸಿದ ಎಲೆಯನ್ನು ತಿರುಗಿಸಬಾರದು ಅಂತ ನಾನು ಕಲಿಸಿರಲಿಲ್ಲ. ಕೋಸಂಬರಿ ಮೇಜಿಗೆ ಬಿತ್ತು. ಉಪ್ಪಿನಕಾಯಿಯ ಕೆಂಪು ರಸ ಜಾರಿ ಅಜ್ಜನ ಬಿಳಿ ಮುಂಡಿನ ಮೇಲೆ ಇಳಿಯಿತು.

ಎದುರಿನವರು ತಮ್ಮ ಎಲೆ ಎಳೆದುಕೊಂಡರು.

"ನಾನು ಹೇಳಿದ್ದಲ್ವಾ," ಅತ್ತಿಗೆ ಹಿಂದಿನಿಂದ ಬಂದರು. "ಏಳಿಸು. ಒಳಗೆ ಕರ್ಕೊಂಡು ಹೋಗು." ಆ ಬಳೆಯ ಕೈ ಅವಳ ಮಣಿಕಟ್ಟಿನ ಕಡೆಗೆ ಚಾಚಿತು. ನಾನು ಅಡ್ಡ ಬಂದೆ.

"ಮುಟ್ಬೇಡಿ ಅತ್ತಿಗೆ. ಈ ಸಲ ಮುಟ್ಬೇಡಿ."

"ಇರಿ ಇರಿ," ಅಂದರು ಅಜ್ಜ. ಅವರು ಮುಂಡು ಒರೆಸಿಕೊಳ್ಳುತ್ತಾ ತಮ್ಮ ಎಲೆ ನೋಡಿದರು, ಅವಳ ಎಲೆ ನೋಡಿದರು. "ಮಗು ಸುಮ್ಮನೆ ತಿರುಗಿಸಿದ್ದಲ್ಲ. ಇದರ ತುದಿ ಬಲಕ್ಕೆ ಇತ್ತಲ್ಲ. ಯಾರು ಮಾರಾಯ್ರೆ ಇದನ್ನು ಹಾಕಿದ್ದು, ನಿಶ್ಚಯದ ದಿವಸ ಸತ್ತ ಮನೆಯ ಹಾಗೆ?"

ಹೇಳುವ ಅಗತ್ಯ ಇರಲಿಲ್ಲ. ಯಾರು ಹಾಕಿದ್ದೆಂದು ಇಡೀ ಸಾಲು ನೋಡಿತ್ತು. ಹುಡುಗಿಯ ಕಡೆಯ ಒಬ್ಬ ಹೆಂಗಸು ಪಕ್ಕದವಳ ಕಿವಿಯಲ್ಲಿ ಏನೋ ಹೇಳಿದಳು. ಅತ್ತಿಗೆಯ ಮುಖ ಬೇಯಿಸಿದ ಬದನೆಯ ಹಾಗಾಯಿತು. ಆ ಮುಖವನ್ನು ನಾನು ಈಗಲೂ ಬೇಕೆಂದಾಗ ತೆಗೆದು ನೋಡುತ್ತೇನೆ.

ಅಣ್ಣ ಮೇಜು ಒರೆಸಿ ಬೇರೆ ಎಲೆ ಹಾಕಿದ. ಅವಳು ಅಂಚು ಸವರಿ, ಎಡಗಡೆ ಚೂಪು ಸಿಕ್ಕಿ, ಸಮಾಧಾನದಿಂದ ಕೂತಳು. ಬಡಿಸುವವರಿಗೆ ನಾನು ಹೇಳಿದೆ, ಕೈ ಮುಟ್ಟಿ ಬಡಿಸಿ ಅಂತ. ಅವರು ಹಾಗೆಯೇ ಮಾಡಿದರು. ಅನ್ನ ಬಂತು, ನಡುವೆ ಗುಂಡಿ ಮಾಡಿದಳು. ಸಾಂಬಾರು ಬಂತು, ಕಲಸಿದಳು. ಪಲ್ಯ ಎಲ್ಲಿರಬೇಕೋ ಅಲ್ಲಿಗೆ ಕೈ ಹೋಯಿತು. ಹಪ್ಪಳವನ್ನು ತನ್ನ ಎಲೆಯಲ್ಲೇ ಮುರಿದಳು. ಅಜ್ಜ ತಮ್ಮ ಊಟ ಬಿಟ್ಟು ಅವಳ ಊಟ ನೋಡುತ್ತಿದ್ದರು. ಪಾಪ ಅನ್ನಲಿಲ್ಲ.

"ಎಷ್ಟು ಚಂದ ಉಣ್ತದೆ," ಅಂದರು. "ನಮ್ಮ ಮನೆಯ ಮಕ್ಕಳು ಮೊಬೈಲು ನೋಡದೆ ಉಣ್ಣುದಿಲ್ಲ."

ಪಾಯಸ ಹೊರಟಿತು. ಆಗ ಅತ್ತಿಗೆ ಬಡಿಸುವವನ ಕೈಯಿಂದ ಪಾತ್ರೆ ತೆಗೆದುಕೊಂಡರು. ಎಲೆಯ ವಿಷಯ ಮುಚ್ಚಿಹೋಗಲಿ, ಮನೆಯ ಯಜಮಾನತಿಯೇ ಸಿಹಿ ಬಡಿಸಿದಳು ಅಂತ ಆಗಲಿ ಎಂದು ಅವರ ಲೆಕ್ಕಾಚಾರ. ಅಜ್ಜನಿಗೆ ಉಪಚಾರ ಮಾಡಿ ಬಡಿಸಿದರು. ಮತ್ತೆ ಇವಳ ಹತ್ತಿರ ಬಂದು ಸೌಟು ಎತ್ತಿದರು.

"ಕೈ ಮುಟ್ಟಿ ಹಾಕ್ಬೇಕು ಅತ್ತಿಗೆ. ಬಗ್ಗಿ. ಎಡಗೈ."

ಎಲ್ಲರೂ ನೋಡುತ್ತಿದ್ದರು. ಅತ್ತಿಗೆ ಬಗ್ಗಿದರು. ಸೊಂಟ ಬಗ್ಗಿಸಿ, ಪಾತ್ರೆಯನ್ನು ಮೇಜಿನ ಮೇಲಿಟ್ಟು, ಬಲಗೈಯಿಂದ ಅವಳ ಎಡಗೈಯ ಹಿಂಬದಿಯನ್ನು ಮುಟ್ಟಿದರು. ಬಸ್ಸಿನಲ್ಲಿ ನಾನು ನಿಶ್ಚಯ ಮಾಡಿದ್ದು ಇಷ್ಟೇ. ಅದು ಆಯಿತು.

ಆದರೆ ಮೊಮ್ಮಗಳದ್ದು ಮುಗಿದಿರಲಿಲ್ಲ. ಅವಳು ಕೈ ಮಗುಚಿ ಅತ್ತಿಗೆಯ ಬೆರಳು ಸವರಿದಳು, ಕೈ ಮೇಲಕ್ಕೆ ಹೋಯಿತು. ಬಳೆ ಸಿಕ್ಕಿತು. ಅದರ ತಿರುಪನ್ನು ಒಂದು ಸುತ್ತು ಸವರಿ ನೋಡಿದಳು. ಆಮೇಲೆ ಅವಳ ಮುಖ ಗಟ್ಟಿಯಾಯಿತು. ಎಂಜಲು ಬಲಗೈಯಲ್ಲಿ ತನ್ನ ಎಡಗೈಯ ಮಣಿಕಟ್ಟು ಹಿಡಿದು ಎಳೆದಳು. ಒಮ್ಮೆ ಎಳೆದು, ಎರಡೂ ಕೈಯನ್ನು ಎಲೆಯ ಮೇಲೆ ಅಡ್ಡ ಹಿಡಿದಳು.

ಆಗ ನನಗೆ ಗೊತ್ತಾಯಿತು ನಾನು ಯಾವ ಉಳುಕಿಗೆ ಎಣ್ಣೆ ತಿಕ್ಕಿದ್ದೆನೆಂದು. ಸಿಟ್ಟು ನನ್ನೊಬ್ಬಳದ್ದೇ ಅಂತ ಇಷ್ಟು ಕಾಲ ತಿಳಿದುಕೊಂಡಿದ್ದೆ.

"ಪಾಯಸ ಅಂತ ಹೇಳು ಅದಕ್ಕೆ," ಅಂದರು ಅತ್ತಿಗೆ, ನಗುವ ಪ್ರಯತ್ನ ಮಾಡುತ್ತಾ.

ನಾನು ಅವಳ ಅಂಗೈ ಬಿಡಿಸಿ ಹೆಬ್ಬೆರಳಿನಿಂದ ಸುತ್ತು ಹಾಕಿದೆ. ಅವಳು ಕುಣಿಯಲಿಲ್ಲ. ಅಂಗೈ ಕಿತ್ತುಕೊಂಡು ಮತ್ತೆ ಎಲೆಯ ಮೇಲೆ ಅಡ್ಡ ಇಟ್ಟಳು.

"ಪಾಯಸ ಅಂತ ಅವಳಿಗೆ ಗೊತ್ತುಂಟು ಅತ್ತಿಗೆ. ನಿಮ್ಮ ಕೈಯಿಂದ ಬೇಡವಂತೆ."

ಮೆಲ್ಲಗೆ ಹೇಳಬಹುದಿತ್ತು. ಹೇಳಲಿಲ್ಲ. ಶುಭಕಾರ್ಯದ ಮನೆಯಲ್ಲಿ ಯಜಮಾನತಿ ಬಗ್ಗಿ ಬಡಿಸಿದ ಸಿಹಿಯನ್ನು ಒಂದು ಮಗು ಬೇಡ ಅಂದದ್ದು ಸಾಲಿನ ಆ ತುದಿಯವರೆಗೆ ಕೇಳಿತು. ಅಜ್ಜ ಕೆಮ್ಮಿದರು. ಅಣ್ಣ ಬಂದು ಪಾತ್ರೆ ಎತ್ತಿಕೊಂಡ. ಅವಳ ಎಡಗೈ ಮುಟ್ಟಿದ. ಅವಳು ಅವನ ಒರಟು ಅಂಗೈ ಸವರಿ, ಎರಡು ಕೈಯನ್ನೂ ಹಿಂದಕ್ಕೆ ತೆಗೆದು ಎಲೆ ಬಿಟ್ಟುಕೊಟ್ಟಳು. ಒಂದು ಸೌಟು ಮುಗಿಸಿ ಇನ್ನೊಂದು ಹಾಕಿಸಿಕೊಂಡಳು. ಎಲೆಯ ಅಂಚು ಎತ್ತಿ, ಬೆರಳನ್ನು ದೋಣಿ ಮಾಡಿ, ಲಂಗಕ್ಕೆ ಒಂದು ಹನಿ ಬೀಳಿಸದೆ ಉಂಡಳು.

ಅತ್ತಿಗೆ ಅಲ್ಲೇ ನಿಂತಿದ್ದರು. ನಾನು ಸುಮ್ಮನಿರಬೇಕಿತ್ತು ಅನ್ನುವವರು ಅನ್ನಲಿ.

"ಹೊಟ್ಟೆಗೆ ಹೋದ ಮೇಲೆ ಎಲ್ಲ ಒಂದೇ ಅಲ್ವಾ ಅತ್ತಿಗೆ," ಅಂದೆ. "ಅಣ್ಣ ಹಾಕಿದ್ರೂ ಒಂದೇ."

ಅವರಿಗೆ ನೆನಪಾಯಿತು. ಕಣ್ಣಿನಲ್ಲಿ ಕಂಡಿತು ನನಗೆ.

ಸೋಮವಾರ ಟೀಚರಿಗೆ ಎಲ್ಲ ಹೇಳಿದೆ. ಅವರು ಮೊಮ್ಮಗಳ ಅಂಗೈ ತಟ್ಟಿ ಶಹಬ್ಬಾಸ್ ಕೊಟ್ಟರು. ನನಗೆ ಕೊಡಲಿಲ್ಲ.

"ಅವಳು ಹೇಳಿದ್ದು ಅವಳ ಮಾತು. ನೀವು ಅದಕ್ಕೆ ನಿಮ್ಮದೊಂದು ಸೇರಿಸುದು ಬೇಡ ಇತ್ತು, ಅಜ್ಜಿ."

"ಸೇರಿಸಿದ್ದು ಸ್ವಲ್ಪವೇ," ಅಂದೆ.

ಮದುವೆಯ ಕಾಗದ ಕೊಡಲು ಅಣ್ಣ ಮತ್ತು ಅತ್ತಿಗೆ ಪುತ್ತೂರಿಗೆ ನಮ್ಮ ಮನೆಗೆ ಬಂದರು. ಅತ್ತಿಗೆಯ ಬಲಗೈ ಬರಿದಾಗಿತ್ತು. ಬಳೆ ಎಲ್ಲಿ ಅಂತ ನಾನು ಕೇಳಲಿಲ್ಲ. ಅವರ ಬ್ಯಾಗಿನ ಜಿಪ್ಪಿನ ಹತ್ತಿರ ಉಬ್ಬಿದ್ದು ಕಾಣುತ್ತಿತ್ತು. ಅವರು ಕೂರುವ ಮೊದಲೇ ಮೊಮ್ಮಗಳ ಹತ್ತಿರ ಹೋಗಿ ಎಡಗೈಯ ಹಿಂಬದಿ ಮುಟ್ಟಿದರು, ಕ್ರಮ ಪ್ರಕಾರ. ಅವಳು ಸವರಿದಳು. ಇಷ್ಟು ವರ್ಷ ಬಳೆ ಕೂತ ಜಾಗದಲ್ಲಿ ಚರ್ಮ ತಗ್ಗಿರುತ್ತದೆ, ನುಣ್ಣಗಿರುತ್ತದೆ. ಅವಳ ಬೆರಳು ಅಲ್ಲಿ ನಿಂತಿತು. ಕೈ ತೆಗೆದು ತನ್ನ ಮಣಿಕಟ್ಟು ಹಿಡಿದು ಎಳೆದು ನನಗೆ ತೋರಿಸಿದಳು, ಯಾರು ಬಂದಿದ್ದಾರೆ ನೋಡು ಅಂತ.

"ಕೂತುಕೊಳ್ಳಿ ಅತ್ತಿಗೆ," ಅಂದೆ. "ನಿಮ್ಮ ಗುರುತು ಅವಳಿಗೆ ಉಂಟು."

ಮನೆಗೆ ಯಾರು ಬಂದರೂ ಚಹಾ ಈಗ ಅವಳದ್ದೇ ಕೆಲಸ. ಗ್ಯಾಸಿನ ಹತ್ತಿರ ನಾನಿರುತ್ತೇನೆ, ಲೋಟಕ್ಕೆ ಹಾಕುವುದು, ಸಕ್ಕರೆ, ತಂದು ಕೊಡುವುದು ಅವಳು. ಅತ್ತಿಗೆಗೆ ಕೊಡುತ್ತಾಳೋ ಇಲ್ಲವೋ ಅಂತ ನಾನು ಬಾಗಿಲಲ್ಲಿ ನಿಂತು ನೋಡಿದೆ. ಕೊಡದಿದ್ದರೆ ನನಗೆ ಬೇಸರ ಇರಲಿಲ್ಲ. ಅವಳು ಲೋಟದ ಅಂಚಿಗೆ ಬೆರಳು ಇಳಿಸಿ, ಸಮ ಮಾಡಿ, ಮೊದಲು ಅಣ್ಣನಿಗೆ ಕೈಯಲ್ಲಿ ಕೊಟ್ಟಳು. ಅತ್ತಿಗೆಯ ಲೋಟವನ್ನು ಸ್ಟೂಲಿನ ಮೇಲೆ ಇಟ್ಟಳು. ಒಂದು ಹನಿ ಚೆಲ್ಲಲಿಲ್ಲ. ಅತ್ತಿಗೆ ಅವಳ ಕೈ ಹಿಡಿಯಲು ನೋಡಿದರು. ಅವಳು ಎರಡೂ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಗೋಡೆಗೆ ಒರಗಿ ನಿಂತಳು.

"ಸಕ್ಕರೆ ಸರಿ ಉಂಟಾ ಅತ್ತಿಗೆ?"

"ಸರಿ ಉಂಟು," ಅಂದರು ಅತ್ತಿಗೆ. ತಲೆ ಎತ್ತದೆ, ಪೂರ್ತಿ ಕುಡಿದರು.